ಚಕ್ರದಡಿಯ ಕಲ್ಲು ಮತ್ತು ಹ್ಯಾಂಡ್ ಬ್ರೇಕಿನ ಕಾನೂನು

ಮೋಟಾರು ವಾಹನ ನಿರೀಕ್ಷಕ ಎಂಬ ಸರ್ಕಾರಿ ಹುದ್ದೆಗೆ ಕರ್ನಾಟಕದ ಜನ ಇಟ್ಟುಕೊಂಡ ಹೆಸರು ‘ಬ್ರೇಕ್ ಇನ್‌ಸ್ಪೆಕ್ಟರ್’. ದೀಪ, ಹಾರ್ನ್, ಟೈರು, ಸ್ಟಿಯರಿಂಗ್, ಹೊಗೆ ಎಂದು ಅವರು ನೋಡಬೇಕಾದ ಅಂಶಗಳು ಹಲವಿದ್ದರೂ ಬ್ರೇಕೊಂದೇ ಹುದ್ದೆಯ ಹೆಸರಾಗಿ ನಿಂತಿದೆ. ಆದರೆ ಆ ಬ್ರೇಕಿನಲ್ಲಿ ಎರಡು ಬಗೆಯುಂಟು: ಓಡುವ ವಾಹನವನ್ನು ನಿಲ್ಲಿಸುವ ಕಾಲಿನ ಬ್ರೇಕು ಒಂದು, ನಿಂತ ವಾಹನ ಉರುಳದಂತೆ ಹಿಡಿದಿಡುವ ಕೈಬ್ರೇಕು, ಅಂದರೆ ಪಾರ್ಕಿಂಗ್ ಬ್ರೇಕು, ಇನ್ನೊಂದು. ಉಡುಪಿ ಸೀಮೆಯಲ್ಲಿ ಈ ಎರಡನೆಯದರ ಚರಿತ್ರೆಯೆಂದರೆ ಬಹುಮಟ್ಟಿಗೆ ಚಕ್ರದ ಹಿಂದೆ ಇಟ್ಟ ಕಲ್ಲಿನ ಚರಿತ್ರೆಯೇ.

ಉಡುಪಿಯನ್ನೂ ಒಳಗೊಂಡಿದ್ದ ದಕ್ಷಿಣ ಕನ್ನಡವು ಮದರಾಸು ಪ್ರಾಂತ್ಯಕ್ಕೆ ಸೇರಿದ್ದ 1914ರಲ್ಲಿ, ಜನರ ಬಾಯಲ್ಲಿ ಸಿಪಿಸಿ ಎಂದಾದ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿ ಮಂಗಳೂರಿನಲ್ಲಿ ಹುಟ್ಟಿತು. ಭಾರತದ ಮೊದಲ ಮೋಟಾರು ವಾಹನ ಕಾಯ್ದೆಯೂ ಅದೇ ವರ್ಷದ್ದು. ಸೇತುವೆಗಳಿಲ್ಲದ ಆ ಕಾಲದಲ್ಲಿ ಹೊಳೆ ದಾಟಬೇಕಾದ ವಾಹನವನ್ನು ದೋಣಿಗಳನ್ನು ಜೋಡಿಸಿ ಹಲಗೆ ಹಾಸಿದ ಚಂಗಡದ ಮೇಲೆ ಏರಿಸಿ, ಚಕ್ರಗಳಿಗೆ ಕಲ್ಲನ್ನೋ ಮರದ ತುಂಡನ್ನೋ ಕೊಡಬೇಕಾಗಿತ್ತು. ದಡ ಸೇರಿದ ಮೇಲೂ ಏರುದಾರಿಯಲ್ಲಿ ಬಸ್ಸು ನಿಂತೊಡನೆ ಕೆಳಗಿಳಿದು ಕಲ್ಲಿಡುವ ಕೆಲಸ ಕ್ಲೀನರನದು, ಮತ್ತು ಮುರಕಲ್ಲಿನ ಈ ನಾಡಿನಲ್ಲಿ ಕಲ್ಲಿಗೆ ಎಂದೂ ಬರವಿರಲಿಲ್ಲ.

ಸಾರಿಗೆ ವಾಹನಗಳಿಗೆ ಸುಸ್ಥಿತಿ ಪ್ರಮಾಣಪತ್ರ, ಅಂದರೆ ಎಲ್ಲರೂ ‘ಎಫ್‌ಸಿ’ ಎನ್ನುವ ಪತ್ರ, ಬೇಕೆಂಬ ಕಟ್ಟಳೆ 1939ರ ಕಾಯ್ದೆಯಲ್ಲಿತ್ತು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ 1963ರ ಮೈಸೂರು ಮೋಟಾರು ವಾಹನ ನಿಯಮಗಳು ಬಂದವು. 1988ರ ಕಾಯ್ದೆ ಮತ್ತು ಕೇಂದ್ರದ 1989ರ ನಿಯಮಗಳು 1989ರ ಜುಲೈ 1ರಿಂದ ಜಾರಿಯಾದವು.

ಕುತೂಹಲದ ಸಂಗತಿಯೆಂದರೆ ಈ ಕಾಯ್ದೆ ಮತ್ತು ನಿಯಮಗಳು ಕಲ್ಲಿನ ವಿಷಯದಲ್ಲಿ ಒಂದೇ ಮಾತನ್ನು ಆಡುವುದಿಲ್ಲ. ಕಾಯ್ದೆಯ 126ನೆಯ ಕಲಮಿನ ಪ್ರಕಾರ, ಲೈಸೆನ್ಸುಳ್ಳ ಚಾಲಕ ಸೀಟಿನಲ್ಲಿಲ್ಲದಿದ್ದರೆ ಎಂಜಿನ್ ನಿಲ್ಲಿಸಿ ಬ್ರೇಕು ಹಾಕಿರಬೇಕು, ಇಲ್ಲವೇ ವಾಹನ ಆಕಸ್ಮಿಕವಾಗಿ ಚಲಿಸದಂತೆ ಬೇರೆ ಕ್ರಮ ಕೈಗೊಂಡಿರಬೇಕು. ಚಕ್ರದಡಿಯ ಕಲ್ಲು ಈ ‘ಬೇರೆ ಕ್ರಮ’ದೊಳಗೆ ನಿರಾಯಾಸವಾಗಿ ಸೇರುತ್ತದೆ. ಆದರೆ ಕೇಂದ್ರ ನಿಯಮಗಳ 96ನೆಯ ನಿಯಮವು ಪಾರ್ಕಿಂಗ್ ಬ್ರೇಕು ಮತ್ತು ಕಾಲಿನ ಬ್ರೇಕು ಎಂಬ ಎರಡು ಸ್ವತಂತ್ರ, ಸಮರ್ಥ ವ್ಯವಸ್ಥೆಗಳನ್ನು ಕೇಳುವುದಲ್ಲದೆ, ಎಲ್ಲ ಸನ್ನಿವೇಶಗಳಲ್ಲೂ ವಾಹನವನ್ನು ನಿಂತಲ್ಲೇ ಹಿಡಿಯುವ ಶಕ್ತಿ ಬ್ರೇಕಿಗಿರಬೇಕೆಂದು ವಿಧಿಸುತ್ತದೆ. ರಸ್ತೆಯಲ್ಲಿ ಕಾನೂನುಬದ್ಧವಾದ ಕಲ್ಲಿಗೆ ಎಫ್‌ಸಿಯ ಅಂಗಳದಲ್ಲಿ ಬೆಲೆಯಿಲ್ಲ.

ಅರ್ಥ ಹೇಳುವ ಕಷ್ಟ ಹುಟ್ಟುವುದು ‘ಸ್ವತಂತ್ರ’ ಎಂಬ ಪದದಲ್ಲಿ. ಬಹುಪಾಲು ಕಾರುಗಳಲ್ಲಿ ಹ್ಯಾಂಡ್ ಬ್ರೇಕಿನ ಕೇಬಲ್ಲು ಎಳೆಯುವುದು ಹಿಂಚಕ್ರದ ಡ್ರಮ್ಮಿನೊಳಗಿನ ಅದೇ ಶೂಗಳನ್ನು, ಕಾಲಿನ ಬ್ರೇಕು ಒತ್ತುವುದೂ ಅವನ್ನೇ; ಆದ್ದರಿಂದ ಸ್ವಾತಂತ್ರ್ಯವೆಂದರೆ ಬ್ರೇಕನ್ನು ಚಾಲಿಸುವ ದಾರಿ ಬೇರೆಯಾಗಿರುವುದು ಎಂದಷ್ಟೇ ತಿಳಿಯಬೇಕಾಗುತ್ತದೆ. ಹಳೆಯ ಜೀಪುಗಳಲ್ಲಿ ಕೈಬ್ರೇಕು ಚಕ್ರವನ್ನು ಮುಟ್ಟುತ್ತಲೇ ಇರಲಿಲ್ಲ, ಗೇರುಪೆಟ್ಟಿಗೆಯ ಹಿಂದಿನ ಶಾಫ್ಟನ್ನು ಹಿಡಿಯುತ್ತಿತ್ತು. ಅಂಥ ಜೀಪಿನ ಒಂದು ಹಿಂಚಕ್ರವನ್ನು ಜಾಕಿನಿಂದ ಎತ್ತಿದರೆ ಡಿಫರೆನ್ಷಿಯಲ್ಲಿನ ಹಲ್ಲುಗಾಲಿಗಳ ಮೂಲಕ ಆ ಚಕ್ರ ತಿರುಗಿಬಿಡುತ್ತದೆ, ಕೈಬ್ರೇಕು ಬಿಗಿಯಾಗಿದ್ದರೂ ನೆಲದ ಮೇಲಿನ ಚಕ್ರ ಉರುಳಬಲ್ಲದು. ಪಂಕ್ಚರ್ ಹಾಕುವವರು ಇನ್ನೊಂದು ಚಕ್ರಕ್ಕೆ ಕಲ್ಲಿಡದೆ ಜಾಕು ಕೊಡದಿರುವುದಕ್ಕೆ ಕಾರಣವಿದೆ. ಏರ್ ಬ್ರೇಕಿನ ಬಸ್ಸು, ಲಾರಿಗಳಲ್ಲಿ ಸ್ಪ್ರಿಂಗ್ ಬ್ರೇಕು ಬಂದ ಮೇಲೆ ತರ್ಕವೇ ತಿರುಗುಮುರುಗಾಯಿತು. ಅಲ್ಲಿ ಗಾಳಿಯ ಒತ್ತಡವು ಬ್ರೇಕನ್ನು ಬಿಡಿಸುತ್ತದೆ, ಗಾಳಿ ಹೋದರೆ ಬಲವಾದ ಸ್ಪ್ರಿಂಗೇ ಚಕ್ರವನ್ನು ಹಿಡಿದುಕೊಳ್ಳುತ್ತದೆ. ಲಿವರನ್ನು ಎಳೆದು ‘ಕಟ್ ಕಟ್’ ಎಂಬ ಹಲ್ಲುಗಳನ್ನು ಎಣಿಸುವ ಹಳೆಯ ಪರೀಕ್ಷೆಗೆ ಅಲ್ಲಿ ಕೆಲಸವಿಲ್ಲ.

‘ಎಲ್ಲ ಸನ್ನಿವೇಶ’ ಎಂಬ ಮಾತು ಇನ್ನೂ ತೊಡಕಿನದು. 1997ರಲ್ಲಿ ಉಡುಪಿ ಪ್ರತ್ಯೇಕ ಜಿಲ್ಲೆಯಾಯಿತು; ಕೆಎ 20 ಫಲಕದ ವಾಹನಗಳ ಸಾರಿಗೆ ಕಚೇರಿ ಇರುವುದು ಮಣಿಪಾಲದಲ್ಲಿ. ಎಫ್‌ಸಿಗೆ ವಾಹನ ಬರುವುದು ಖಾಲಿಯಾಗಿ, ನಿಲ್ಲುವುದು ಸಮತಟ್ಟಾದ ಜಾಗದಲ್ಲಿ. ಅದೇ ವಾಹನ ಮರುದಿನ ಕಾರ್ಕಳದ ಕಡೆಯಿಂದ ಕಲ್ಲು ತುಂಬಿಕೊಂಡು ಮಾಳ ಘಾಟಿಯನ್ನು ಹತ್ತಬಹುದು, ಇಲ್ಲವೇ ಪರ್ಕಳದ ಇಳಿಜಾರಿನಲ್ಲಿ ಕೆಟ್ಟು ನಿಲ್ಲಬಹುದು. ಹದಿನಾಲ್ಕು ತಿರುವುಗಳ ಆಗುಂಬೆ ಘಾಟಿಯಂತೂ ದೊಡ್ಡ ಬಸ್ಸನ್ನು ಒಪ್ಪದೆ ಮಿನಿ ಬಸ್ಸುಗಳ ದಾರಿಯಾಗಿಯೇ ಹೆಸರಾಯಿತು. ಕಾಪುವಿನ ಬಯಲಿನಲ್ಲಿ ಏರಿಳಿತ ಕಡಿಮೆ, ಆದರೆ ಅಲ್ಲಿನ ವೈರಿ ಕಡಲ ಉಪ್ಪುಗಾಳಿ. ಮೀನಿನ ವಾಹನಗಳಲ್ಲಂತೂ ಮಂಜುಗಡ್ಡೆಯ ಉಪ್ಪುನೀರು ಸೋರಿ ಕೇಬಲ್ಲಿನ ಕವಚದೊಳಗೆ ತುಕ್ಕು ಹಿಡಿಸುವುದರಿಂದ, ಲಿವರು ಮೇಲೆದ್ದರೂ ಚಕ್ರ ಬಿಗಿಯುವುದಿಲ್ಲ, ಅಥವಾ ಬಿಗಿದದ್ದು ಬಿಡುವುದಿಲ್ಲ. ಲಿವರಿನ ಸ್ಥಾನವನ್ನಷ್ಟೇ ನೋಡಿ ಪಾಸು ಮಾಡುವ ಪರೀಕ್ಷೆ ಇಂಥಲ್ಲಿ ಪರೀಕ್ಷೆಯೇ ಅಲ್ಲ.

ಯುರೋಪು ಈ ತೊಡಕನ್ನು ಅಂಕಿಯಿಂದ ಬಿಡಿಸಿಕೊಂಡಿತು. ಭಾರ ಹೊತ್ತ ಹೊಸ ಮಾದರಿಯ ಲಾರಿ, ಬಸ್ಸು ಶೇ. 18ರ ಇಳಿಜಾರಿನಲ್ಲಿ, ಅಂದರೆ ನೂರು ಮೀಟರಿಗೆ ಹದಿನೆಂಟು ಮೀಟರು ಏರುವ ದಾರಿಯಲ್ಲಿ, ಎರಡು ದಿಕ್ಕಿನಲ್ಲೂ ಅಲುಗದೆ ನಿಲ್ಲಬೇಕು. ಬಳಕೆಯ ವಾಹನದ ತಪಾಸಣೆಯಲ್ಲಿ ಪಾರ್ಕಿಂಗ್ ಬ್ರೇಕಿನ ಬಲ ತೂಕದ ಶೇ. 16ಕ್ಕೆ ಕಡಿಮೆಯಾಗಬಾರದು. ರೋಲರುಗಳ ಮೇಲೆ ಚಕ್ರ ತಿರುಗಿಸಿ ಬಲವನ್ನು ಅಳೆಯುವುದರಿಂದ ಇದಕ್ಕೆ ಗುಡ್ಡ ಬೇಕಾಗುವುದಿಲ್ಲ. ಭಾರತದಲ್ಲೂ 2021ರ ಸೆಪ್ಟೆಂಬರಿನಲ್ಲಿ ಸ್ವಯಂಚಾಲಿತ ತಪಾಸಣಾ ಕೇಂದ್ರಗಳ ನಿಯಮಗಳು ಪ್ರಕಟವಾದವು, ಆ ಕೇಂದ್ರಗಳಲ್ಲೇ ಪರೀಕ್ಷೆ ಕಡ್ಡಾಯವಾಗುವ ದಿನವನ್ನು ಮುಂದೂಡಿ 2024ರ ಅಕ್ಟೋಬರ್ 1ಕ್ಕೆ ಗೊತ್ತುಪಡಿಸಲಾಯಿತು. ಸಾರಿಗೆ ವಾಹನಗಳ ಎಫ್‌ಸಿಯನ್ನು ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಅನಂತರ ವರ್ಷಕ್ಕೊಮ್ಮೆ ನವೀಕರಿಸಬೇಕೆಂಬ ನಿಯಮ 2018ರದು. ಇಷ್ಟೆಲ್ಲ ತಿದ್ದುಪಡಿಗಳ ನಡುವೆಯೂ 126ನೆಯ ಕಲಮಿನ ‘ಬೇರೆ ಕ್ರಮ’ ಅಳಿಸಿಹೋಗಿಲ್ಲ.