ಮದುವೆ ಮಾಡಿ ನೋಡು: ಸಮಾರಂಭದ ವಿದ್ಯೆ ಮತ್ತು ಸಂಜೆಯ ಕಾಲೇಜು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬುದು ನಮ್ಮ ಹಿರಿಯರ ಮಾತು. ಅವರು ಈ ಎರಡು ಕಾರ್ಯಗಳನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗಿದರು. ಎರಡಕ್ಕೂ ಹಣ ಬೇಕು, ಜನ ಬೇಕು, ಮುಂದಾಲೋಚನೆ ಬೇಕು; ಎರಡರಲ್ಲೂ ಎಷ್ಟೇ ಎಚ್ಚರವಹಿಸಿದರೂ ಕೊನೆಯ ಗಳಿಗೆಯಲ್ಲಿ ಏನಾದರೊಂದು ಕಡಿಮೆ ಬೀಳುತ್ತದೆ. ಆದರೆ ಕಾಲಕ್ರಮದಲ್ಲಿ ಗಾದೆಯ ಮೊದಲರ್ಧ ಕಾಲೇಜು ಸೇರಿತು. 1917ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜನ್ನು ಆರಂಭಿಸಿದರು. ಕಟ್ಟುವ ವಿದ್ಯೆಗೆ ಪಠ್ಯ, ಪರೀಕ್ಷೆ, ಪದವಿ, ಗೌರವ ಎಲ್ಲವೂ ದೊರೆತವು. ಎರಡನೆಯ ಅರ್ಧ ಮಾತ್ರ ಕಾಲೇಜಿನ ಬಾಗಿಲ ಹೊರಗೇ ನಿಂತಿತು. ನೂರಾರು ಜನರನ್ನು ಒಂದೆಡೆ ಸೇರಿಸಿ, ಕೂರಿಸಿ, ಉಣಬಡಿಸಿ, ಕ್ಷೇಮವಾಗಿ ಮನೆಗೆ ಕಳುಹಿಸುವುದು ವಿದ್ಯೆಯಲ್ಲ, ಅದು ಯಾರಿಗಾದರೂ ಬರುವ ಕೆಲಸ ಎಂದು ನಾವು ತಿಳಿದೆವು.

ಈ ವಿಚಾರವನ್ನು ಬರೆಯಲು ಒಂದು ಕಾರಣವಿದೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಅಮೆರಿಕದ ಚಿಕಾಗೋ ನಗರದ ಹೊರವಲಯದಲ್ಲಿ ನೆಲೆಸಿದ್ದಾಳೆ. ಹಗಲು ಒಂದು ಕಚೇರಿಯಲ್ಲಿ ಲೆಕ್ಕಪತ್ರ ನೋಡುತ್ತಾಳೆ. ವಾರದಲ್ಲಿ ಎರಡು ಸಂಜೆ ಅಲ್ಲಿನ ಕಮ್ಯುನಿಟಿ ಕಾಲೇಜಿಗೆ ಹೋಗಿ ‘ಈವೆಂಟ್ ಪ್ಲಾನಿಂಗ್’ ಎಂಬ ವಿಷಯವನ್ನು ಓದುತ್ತಿದ್ದಾಳೆ. ಊರಿನಲ್ಲಿರುವ ಅವಳ ಬಂಧುಗಳು ಇದನ್ನು ಕೇಳಿ, “ಮದುವೆ ಮನೆಯಲ್ಲಿ ಓಡಾಡುವುದನ್ನು ಕಲಿಯಲು ಈ ವಯಸ್ಸಿನಲ್ಲಿ ಕಾಲೇಜೇ? ಅದೂ ಅರ್ಧ ಹೊತ್ತಿನ ಕಾಲೇಜೇ?” ಎಂದು ನಕ್ಕರಂತೆ. ಅವಳು ನೊಂದು ನನಗೆ ಪತ್ರ ಬರೆದಳು. ಆ ನಗೆಯಲ್ಲಿ ಎರಡು ಪ್ರಶ್ನೆಗಳು ಅಡಗಿವೆ. ಇದು ಓದತಕ್ಕ ವಿಷಯವೇ? ಅರೆಕಾಲಿಕ ಓದು ಓದೇ? ಎರಡಕ್ಕೂ ಇತಿಹಾಸದಲ್ಲಿ ಉತ್ತರವಿದೆ. ಕುತೂಹಲದ ಸಂಗತಿಯೆಂದರೆ, ಎರಡು ಉತ್ತರಗಳೂ ಅವಳಿರುವ ಚಿಕಾಗೋ ಪ್ರಾಂತದ ಮೂಲಕವೇ ಹಾದುಹೋಗುತ್ತವೆ.

1893ರ ಮೇ 1ರಿಂದ ಅಕ್ಟೋಬರ್ 30ರವರೆಗೆ ಚಿಕಾಗೋದಲ್ಲಿ ಒಂದು ವಿಶ್ವಮೇಳ ನಡೆಯಿತು. ಡೇನಿಯಲ್ ಬರ್ನ್‌ಹ್ಯಾಮ್ ಎಂಬ ವಾಸ್ತುಶಿಲ್ಪಿ ಅದರ ನಿರ್ಮಾಣದ ಹೊಣೆ ಹೊತ್ತಿದ್ದನು. ಆರು ತಿಂಗಳುಗಳಲ್ಲಿ ಸುಮಾರು 2 ಕೋಟಿ 70 ಲಕ್ಷ ಪ್ರವೇಶಗಳು ದಾಖಲಾದವು. ಅಕ್ಟೋಬರ್ 9ರ ಒಂದೇ ದಿನ 7 ಲಕ್ಷಕ್ಕೂ ಹೆಚ್ಚು ಜನ ಬಂದರು. ಮೈಸೂರು ದಸರಾ ಜಂಬೂಸವಾರಿಯ ದಿನದ ಜನಸಾಗರವನ್ನು ಕಂಡವರು ಈ ಸಂಖ್ಯೆಯ ತೂಕವನ್ನು ಊಹಿಸಿಕೊಳ್ಳಬಹುದು. ಅಷ್ಟು ಜನಕ್ಕೆ ಕುಡಿಯುವ ನೀರು, ಶೌಚಾಲಯ, ರೈಲು, ಪೊಲೀಸು, ಕಳೆದುಹೋದ ಮಕ್ಕಳನ್ನು ಹುಡುಕಿಕೊಡುವ ವ್ಯವಸ್ಥೆ ಇವೆಲ್ಲವನ್ನೂ ಯಾರೋ ಮೊದಲೇ ಕುಳಿತು ಯೋಚಿಸಿರಲೇಬೇಕು.

ಆ ಮೇಳದ ಅಂಗವಾಗಿಯೇ ಸೆಪ್ಟೆಂಬರ್ 11ರಂದು ಸರ್ವಧರ್ಮ ಸಮ್ಮೇಳನ ಆರಂಭವಾಯಿತು. ಸ್ವಾಮಿ ವಿವೇಕಾನಂದರು ಅಂದು ಆಡಿದ ಮಾತನ್ನು ನಾನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೆಂಬುದು ನಿಮಗೆ ನೆನಪಿರಬಹುದು. ಆದರೆ ಆ ಸಭೆಯನ್ನು ಕೂಡಿಸಿದವರು ಯಾರು? ಚಾರ್ಲ್ಸ್ ಬಾನಿ ಎಂಬ ವಕೀಲರು ಅದನ್ನು ಕಲ್ಪಿಸಿದರು; ಜಾನ್ ಹೆನ್ರಿ ಬ್ಯಾರೋಸ್ ಎಂಬ ಪಾದ್ರಿಗಳ ಸಮಿತಿಯು ಲೋಕದ ನಾನಾ ಭಾಗಗಳಿಗೆ ಸಾವಿರಾರು ಪತ್ರಗಳನ್ನು ಬರೆಯಿತು. ಪರಿಚಯಪತ್ರವಿಲ್ಲದೆ ಬಂದಿದ್ದ ಸ್ವಾಮೀಜಿಯವರಿಗಾಗಿ ಹಾರ್ವರ್ಡ್‌ನ ಪ್ರಾಧ್ಯಾಪಕ ರೈಟ್ ಅವರು ಸಮಿತಿಗೆ ಪತ್ರ ಬರೆದುಕೊಟ್ಟರು. ಸಮಿತಿಯು ಅದನ್ನು ಮನ್ನಿಸಿ ಅವರಿಗೆ ವೇದಿಕೆಯ ಮೇಲೆ ಒಂದು ಕುರ್ಚಿಯನ್ನು ಕೊಟ್ಟಿತು. ಮಾತು ಸ್ವಾಮೀಜಿಯವರದು, ಆದರೆ ಮಾತು ಹುಟ್ಟಲು ಬೇಕಾದ ಕುರ್ಚಿ, ವೇದಿಕೆ, ಹೊತ್ತು, ಕೇಳುಗರು ಇವು ಬೇರೆಯವರ ದುಡಿಮೆಯ ಫಲ. ಇತಿಹಾಸವು ಮಾತನಾಡಿದವರ ಹೆಸರನ್ನು ಬರೆಯುತ್ತದೆ, ಕುರ್ಚಿ ಹಾಕಿಸಿದವರ ಹೆಸರನ್ನು ಮರೆಯುತ್ತದೆ.

ಆ ಮೇಳದ ಬಯಲಿಗೆ ಹೊಂದಿಕೊಂಡಂತೆಯೇ ಒಂದು ಹೊಸ ವಿಶ್ವವಿದ್ಯಾನಿಲಯವಿತ್ತು. 1892ರಲ್ಲಿ ತರಗತಿಗಳನ್ನು ತೆರೆದ ಚಿಕಾಗೋ ವಿಶ್ವವಿದ್ಯಾನಿಲಯ ಅದು. ಅದರ ಮೊದಲ ಅಧ್ಯಕ್ಷರು ವಿಲಿಯಂ ರೈನಿ ಹಾರ್ಪರ್. ಅವರು ಅದಕ್ಕೆ ಮುಂಚೆ ನ್ಯೂಯಾರ್ಕ್ ರಾಜ್ಯದ ಶಟಾಕ್ವ ಎಂಬ ಸರೋವರದ ದಂಡೆಯ ಬೇಸಿಗೆ ಶಾಲೆಯಲ್ಲಿ ಹೀಬ್ರೂ ಭಾಷೆಯನ್ನು ಕಲಿಸಿದವರು. 1874ರಲ್ಲಿ ಆರಂಭವಾದ ಆ ಸಂಸ್ಥೆಯು 1878ರಿಂದ, ಮನೆಯಲ್ಲಿಯೇ ಕುಳಿತು ನಾಲ್ಕು ವರ್ಷ ಓದುವ ಒಂದು ವ್ಯಾಸಂಗ ಕ್ರಮವನ್ನು ನಡೆಸುತ್ತಿತ್ತು. ದುಡಿಯುವವರೂ ಗೃಹಿಣಿಯರೂ ಓದಬಲ್ಲರು ಎಂಬುದನ್ನು ಹಾರ್ಪರ್ ಅಲ್ಲಿ ಕಣ್ಣಾರೆ ಕಂಡಿದ್ದರು. ತಮ್ಮ ವಿಶ್ವವಿದ್ಯಾನಿಲಯದಲ್ಲಿ ಅವರು ಅಂಚೆ ಶಿಕ್ಷಣವನ್ನೂ ವಿಸ್ತರಣಾ ಉಪನ್ಯಾಸಗಳನ್ನೂ ಆರಂಭಿಸಿದರು. ಪದವಿಯ ಮೊದಲ ಎರಡು ವರ್ಷಗಳನ್ನು ಬೇರ್ಪಡಿಸಿ ‘ಜೂನಿಯರ್ ಕಾಲೇಜು’ ಎಂದು ಕರೆದರು. 1900ರ ಹೊತ್ತಿಗೆ ಅಷ್ಟನ್ನು ಮುಗಿಸಿದವರಿಗೆ ‘ಅಸೋಸಿಯೇಟ್’ ಎಂಬ ಪದವಿಯನ್ನೂ ಕೊಡತೊಡಗಿದರು.

ಚಿಕಾಗೋದಿಂದ ಸುಮಾರು 60 ಕಿಲೋಮೀಟರ್ ದೂರದ ಜೋಲಿಯೆಟ್ ಪಟ್ಟಣದಲ್ಲಿ ಜೆ. ಸ್ಟ್ಯಾನ್ಲಿ ಬ್ರೌನ್ ಎಂಬುವರು ಹೈಸ್ಕೂಲಿನ ಮುಖ್ಯಸ್ಥರಾಗಿದ್ದರು. ಹಾರ್ಪರ್ ಅವರೊಡನೆ ಸಮಾಲೋಚಿಸಿ, ಆ ಎರಡು ವರ್ಷಗಳ ಪಾಠವನ್ನು ಅವರು ತಮ್ಮ ಹೈಸ್ಕೂಲಿನಲ್ಲಿಯೇ ಆರಂಭಿಸಿದರು. 1901ರಲ್ಲಿ ಅಲ್ಲಿ ಇದ್ದವರು ಕೇವಲ 6 ಮಂದಿ ವಿದ್ಯಾರ್ಥಿಗಳು. ಅಮೆರಿಕದಲ್ಲಿ ಇಂದಿಗೂ ನಡೆಯುತ್ತಿರುವ ಸಾರ್ವಜನಿಕ ಕಮ್ಯುನಿಟಿ ಕಾಲೇಜುಗಳಲ್ಲಿ ಜೋಲಿಯೆಟ್ಟಿನದೇ ಅತ್ಯಂತ ಹಳೆಯದು. ಹೈಸ್ಕೂಲು ಮೇಷ್ಟರೊಬ್ಬರ ಕೈಯಲ್ಲಿ ಇಂಥ ಸಂಸ್ಥೆ ಹುಟ್ಟಿತೆಂಬುದು ನನ್ನಂಥವರಿಗೆ ಸಂತೋಷ ಕೊಡುವ ಸಂಗತಿ.

ಮುಂದೆ 1944ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿದ ಕಾಯಿದೆಯು, ಯುದ್ಧದಿಂದ ಮರಳಿದ ಸೈನಿಕರಿಗೆ ಓದಿನ ವೆಚ್ಚವನ್ನು ಒದಗಿಸಿತು. ಕುಟುಂಬ, ಕೆಲಸ ಎಲ್ಲವೂ ಇದ್ದ ಈ ವಿದ್ಯಾರ್ಥಿಗಳು ಬೆಂಚಿನ ಮೇಲೆ ಕುಳಿತಾಗ ಕಾಲೇಜಿನ ಚಹರೆಯೇ ಬದಲಾಯಿತು. 1947ರಲ್ಲಿ ಅಧ್ಯಕ್ಷ ಟ್ರೂಮನ್ ನೇಮಿಸಿದ್ದ ಆಯೋಗವು, ಊರೂರಿನಲ್ಲಿಯೂ ಕಡಿಮೆ ಖರ್ಚಿನ ಸಾರ್ವಜನಿಕ ಕಾಲೇಜುಗಳು ಇರಬೇಕೆಂದು ವರದಿ ಮಾಡಿತು. ‘ಕಮ್ಯುನಿಟಿ ಕಾಲೇಜು’ ಎಂಬ ಹೆಸರು ಬಳಕೆಗೆ ಬಂದದ್ದು ಹೆಚ್ಚಾಗಿ ಆ ವರದಿಯಿಂದ. 1960ರ ದಶಕದಲ್ಲಿ ಇಂಥವು ನೂರಾರು ಹುಟ್ಟಿದವು. ಇಂದು ಅಲ್ಲಿ ಸುಮಾರು ಸಾವಿರ ಕಮ್ಯುನಿಟಿ ಕಾಲೇಜುಗಳಿವೆ. ಅವುಗಳಲ್ಲಿ ಓದುವವರ ಪೈಕಿ ಅರ್ಧಕ್ಕಿಂತ ಹೆಚ್ಚು ಜನ ಅರೆಕಾಲಿಕ ವಿದ್ಯಾರ್ಥಿಗಳೇ. ಆದ್ದರಿಂದ ನಮ್ಮ ಹುಡುಗಿ ಅಲ್ಲಿ ವಿಚಿತ್ರ ಪ್ರಾಣಿಯಲ್ಲ. ಅವಳಂಥವರೇ ಅಲ್ಲಿ ಬಹುಸಂಖ್ಯಾತರು.

ಅರೆಕಾಲಿಕ ಓದು ಸಾಧ್ಯವಾಗುವುದು ‘ಕ್ರೆಡಿಟ್’ ಎಂಬ ಅಳತೆಯಿಂದ. ವಾರಕ್ಕೆ ಮೂರು ಗಂಟೆಯಂತೆ ಸುಮಾರು ಹದಿನೈದು ವಾರ ನಡೆಯುವ ಒಂದು ಪಾಠಕ್ಕೆ ಸಾಮಾನ್ಯವಾಗಿ 3 ಕ್ರೆಡಿಟ್. ಅಸೋಸಿಯೇಟ್ ಪದವಿಗೆ ಸುಮಾರು 60 ಬೇಕು. ಒಂದು ಕಸುಬಿನ ಪ್ರಮಾಣಪತ್ರಕ್ಕೆ ಅದಕ್ಕಿಂತ ಬಹಳ ಕಡಿಮೆ ಸಾಕು. ಒಂದು ಅವಧಿಗೆ ಒಂದೇ ಪಾಠವನ್ನು ತೆಗೆದುಕೊಂಡರೂ ಅದು ಲೆಕ್ಕಕ್ಕೆ ಸೇರುತ್ತದೆ. ಕಣಜಕ್ಕೆ ಸೇರಿಗಟ್ಟಲೆ ಸುರಿದರೂ ಕಣಜ ತುಂಬುತ್ತದೆ, ಖಂಡುಗಗಟ್ಟಲೆ ಸುರಿದರೂ ತುಂಬುತ್ತದೆ. ತಡವಾಗಿ ತುಂಬಿದ ಮಾತ್ರಕ್ಕೆ ಕಾಳು ಜೊಳ್ಳಾಗುವುದಿಲ್ಲ. ನಮ್ಮಲ್ಲಿಯೂ ಸಂಜೆ ಕಾಲೇಜುಗಳಲ್ಲಿ ಓದಿ ಗುಮಾಸ್ತರು ವಕೀಲರಾದದ್ದುಂಟು, 1969ರಲ್ಲಿ ಆರಂಭವಾದ ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ತೆರಪಿನ ಶಿಕ್ಷಣದಿಂದ ಪ್ರಾಥಮಿಕ ಶಾಲೆಯ ಶಿಕ್ಷಕರು ಪದವೀಧರರಾದದ್ದುಂಟು. ಭಾರತದ ವಿಶ್ವವಿದ್ಯಾನಿಲಯ ಅನುದಾನ ಆಯೋಗವೂ 2013ರಲ್ಲಿ ಕಮ್ಯುನಿಟಿ ಕಾಲೇಜುಗಳ ಯೋಜನೆಯನ್ನು ಹೊರತಂದಿತು.

ಇನ್ನು ವಿಷಯದ ಮಾತು. ಸಮಾರಂಭದ ಕೆಲಸವು ವೃತ್ತಿಯಾದದ್ದು ಹಂತಹಂತವಾಗಿ. 1896ರಲ್ಲಿ ಡೆಟ್ರಾಯಿಟ್ ನಗರದ ವರ್ತಕರು, ಅಲ್ಲಿನ ಪತ್ರಿಕೆಯೊಂದರಲ್ಲಿ ಬಂದ ಸಲಹೆಯನ್ನು ಓದಿ, ಸಮ್ಮೇಳನಗಳನ್ನು ತಮ್ಮೂರಿಗೆ ಕರೆತರಲೆಂದೇ ಒಂದು ಸಂಸ್ಥೆಯನ್ನು ಕಟ್ಟಿದರು. 1936ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸಿಟಿ ಕಾಲೇಜು ಹೋಟೆಲು ನಿರ್ವಹಣೆಯನ್ನು ಪಾಠವಾಗಿ ಕಲಿಸತೊಡಗಿತು. 1972ರಲ್ಲಿ ಸಭೆಗಳನ್ನು ಏರ್ಪಡಿಸುವವರ ವೃತ್ತಿ ಸಂಘ ಹುಟ್ಟಿತು. 1985ರಲ್ಲಿ ಅವರಿಗೊಂದು ಪರೀಕ್ಷೆ, ಅರ್ಹತಾಪತ್ರ ಬಂದವು. ಪರೀಕ್ಷೆ ಬಂದ ಮೇಲೆ ಪಠ್ಯ ಬರಲೇಬೇಕಷ್ಟೆ. ಹೋಟೆಲು ನಿರ್ವಹಣೆಯ ಪಕ್ಕದಲ್ಲಿಯೇ ಈ ವಿಷಯವೂ ಅನೇಕ ಕಮ್ಯುನಿಟಿ ಕಾಲೇಜುಗಳಲ್ಲಿ ಜಾಗ ಪಡೆಯಿತು.

ಅಲ್ಲಿ ಹೂವಿನ ಅಲಂಕಾರವನ್ನಷ್ಟೇ ಹೇಳಿಕೊಡುವುದಿಲ್ಲ. ಮೊದಲನೆಯದು ಲೆಕ್ಕ. ಸಭಾಂಗಣ ಮೊದಲಾದ ಸ್ಥಿರ ವೆಚ್ಚ 60,000 ರೂಪಾಯಿ, ಒಬ್ಬರ ಊಟಕ್ಕೆ 300, ಟಿಕೆಟ್ಟಿಗೆ 500 ಎಂದಿಟ್ಟುಕೊಳ್ಳಿ. ಒಬ್ಬರಿಂದ ಉಳಿಯುವುದು 200. ಹಾಗಾದರೆ 300 ಜನ ಬರುವವರೆಗೂ ನಷ್ಟವೇ. ಎರಡನೆಯದು ಕರಾರು. ನೂರು ಕೋಣೆಗಳನ್ನು ಕಾದಿರಿಸಿ, ಎಂಬತ್ತಾದರೂ ತುಂಬಿಸುತ್ತೇವೆಂದು ಒಪ್ಪಿ, ಅರವತ್ತು ಮಾತ್ರ ತುಂಬಿದರೆ ಉಳಿದ ಇಪ್ಪತ್ತರ ಬಾಡಿಗೆಯನ್ನು ಯಾರು ತೆರಬೇಕು? ಸಹಿ ಹಾಕುವ ಮೊದಲೇ ಇದನ್ನು ಓದಲು ಬರಬೇಕು. ಮೂರನೆಯದು ಕಾಲ. ಮುಹೂರ್ತದಿಂದ ಹಿಂದಕ್ಕೆ ಎಣಿಸುತ್ತಾ ಬಂದು, ಯಾವ ಕೆಲಸ ಯಾವ ದಿನ ಮುಗಿಯಬೇಕೆಂದು ಬರೆಯುವುದು.

ನಾಲ್ಕನೆಯದು ಪ್ರಾಣದ ಪ್ರಶ್ನೆ. ಒಂದು ಬಾಗಿಲಲ್ಲಿ ಒಬ್ಬರ ಟಿಕೆಟ್ಟನ್ನು ನೋಡಲು ಮೂರು ಸೆಕೆಂಡು ಹಿಡಿದರೆ ನಿಮಿಷಕ್ಕೆ 20 ಜನ ಒಳಗೆ ಹೋಗುತ್ತಾರೆ. ನಾಲ್ಕು ಬಾಗಿಲುಗಳಿದ್ದರೆ 80. ಆರು ಸಾವಿರ ಜನಕ್ಕೆ 75 ನಿಮಿಷ ಬೇಕು. ಕಾರ್ಯಕ್ರಮಕ್ಕೆ ಅರ್ಧ ಗಂಟೆ ಮೊದಲು ಬಾಗಿಲು ತೆರೆದರೆ ಏನಾದೀತೆಂದು ಎಂಟನೆಯ ತರಗತಿಯ ಹುಡುಗನೂ ಹೇಳಬಲ್ಲನು. ಆದರೆ ಈ ಲೆಕ್ಕವನ್ನು ಯಾರಾದರೂ ಮಾಡಿರಬೇಕು. 1979ರ ಡಿಸೆಂಬರ್ 3ರಂದು ಅಮೆರಿಕದ ಸಿನ್ಸಿನಾಟಿ ನಗರದಲ್ಲಿ ಒಂದು ಸಂಗೀತ ಕಛೇರಿಗೆ ಬಂದ ಜನಜಂಗುಳಿ, ತೆರೆದಿದ್ದ ಕೆಲವೇ ಬಾಗಿಲುಗಳ ಮುಂದೆ ಒತ್ತಿಕೊಂಡು 11 ಮಂದಿ ಸತ್ತರು. ಒಳಗೆ ಜಾಗವಿತ್ತು, ಸತ್ತದ್ದು ಹೊರಗೆ. 2025ರ ಜೂನ್ 4ರಂದು ನಮ್ಮ ಬೆಂಗಳೂರಿನಲ್ಲಿ, ಕ್ರಿಕೆಟ್ ಗೆಲುವಿನ ಸಂಭ್ರಮಕ್ಕೆಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ನೆರೆದವರಲ್ಲಿಯೂ 11 ಮಂದಿ ಕಾಲ್ತುಳಿತದಲ್ಲಿ ಅಸುನೀಗಿದರು. ಅವರಲ್ಲಿ ಹದಿಹರೆಯದವರೂ ಇದ್ದರು. ನಡುವೆ 45 ವರ್ಷಗಳು, ಅರ್ಧ ಭೂಮಂಡಲದ ದೂರ. ಸಂಖ್ಯೆ ಅದೇ, ಬಾಗಿಲ ಹೊರಗಿನ ಸಾವು ಅದೇ.

ಜಾನ್ ಫ್ರೂಯಿನ್ ಎಂಬ ಇಂಜಿನಿಯರ್ ಇಂಥ ದುರಂತಗಳನ್ನು ಅಭ್ಯಾಸ ಮಾಡಿ 1993ರಲ್ಲಿ ಬರೆದ ಪ್ರಬಂಧದಲ್ಲಿ ನಾಲ್ಕು ಕಾರಣಗಳನ್ನು ಗುರುತಿಸಿದರು: ಒತ್ತಡ, ಮಾಹಿತಿ, ಸ್ಥಳ, ಕಾಲ. ಒಂದು ಚದರ ಮೀಟರಿನಲ್ಲಿ ಸುಮಾರು ಏಳು ಜನ ನಿಂತರೆ ಜನಸಮೂಹವು ನೀರಿನಂತೆ ವರ್ತಿಸತೊಡಗುತ್ತದೆ; ಅದರೊಳಗಿನ ವ್ಯಕ್ತಿಗೆ ತನ್ನ ಕಾಲಿನ ಮೇಲೆ ಹತೋಟಿಯಿರುವುದಿಲ್ಲ. ಆದ್ದರಿಂದ ಸತ್ತವರನ್ನು ‘ಶಿಸ್ತಿಲ್ಲದ ಜನ’ ಎಂದು ದೂಷಿಸಿ ಪ್ರಯೋಜನವಿಲ್ಲ. ಜನ ಬರುವುದಕ್ಕೆ ಮುಂಚೆ ಮಾಡಬೇಕಾದ ಯೋಚನೆ ಅದು.

ನಮ್ಮವರಿಗೆ ಈ ಯೋಚನೆ ಹೊಸದಲ್ಲ. 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಗಂಗಾಧರರಾವ್ ದೇಶಪಾಂಡೆಯವರು ವ್ಯವಸ್ಥೆಯ ಭಾರ ಹೊತ್ತರು. ನೀರಿಗಾಗಿ ಒಂದು ಬಾವಿಯನ್ನೇ ತೋಡಿಸಿ ಅದನ್ನು ಪಂಪಾ ಸರೋವರವೆಂದು ಕರೆದರು. ಅಮೆರಿಕದಲ್ಲಿ ಓದಿ ಬಂದಿದ್ದ ಡಾ. ನಾ. ಸು. ಹರ್ಡೀಕರರು ಹಿಂದಿನ ವರ್ಷವೇ ಸೇವಾದಳವನ್ನು ಸ್ಥಾಪಿಸಿ ಸ್ವಯಂಸೇವಕರಿಗೆ ತರಬೇತಿ ಕೊಡತೊಡಗಿದ್ದರು. ಅಂದರೆ ಕಲಿಸದೆ ಬರುವ ಕೆಲಸವಲ್ಲವೆಂದು ಅವರಿಗೆ ತಿಳಿದಿತ್ತು.

ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ವಾರ್ಷಿಕೋತ್ಸವದ ಎಲ್ಲ ಸೂಕ್ಷ್ಮಗಳನ್ನೂ ಬಲ್ಲವರು ಜವಾನರೊಬ್ಬರಿದ್ದರು. ಚಪ್ಪರದ ಯಾವ ಮೂಲೆಗೆ ಗಾಳಿ ಹೊಡೆಯುತ್ತದೆ, ಚಿಕ್ಕ ಮಕ್ಕಳನ್ನು ಯಾವ ಬಾಗಿಲಿನಿಂದ ಮೊದಲು ಹೊರಗೆ ಬಿಡಬೇಕು, ಎಷ್ಟು ಜನಕ್ಕೆ ಎಷ್ಟು ಕೊಳಗ ನೀರು, ಎಲ್ಲವೂ ಅವರ ತಲೆಯಲ್ಲಿತ್ತು. ಅವರು ನಿವೃತ್ತರಾದ ಮರುವರ್ಷ ಹತ್ತು ಮಂದಿ ಶಿಕ್ಷಕರು ಕೂಡಿದರೂ ಅಷ್ಟು ಹಸನಾಗಿ ನಡೆಯಲಿಲ್ಲ. ಅವರ ತಿಳಿವಳಿಕೆಯನ್ನು ಯಾರೂ ಬರೆದಿಟ್ಟುಕೊಂಡಿರಲಿಲ್ಲ. ಒಬ್ಬರ ತಲೆಯಲ್ಲಿರುವ ಜಾಣತನವು ಅವರೊಡನೆಯೇ ಹೋಗುತ್ತದೆ. ಪಾಠವಾದದ್ದು ಮಾತ್ರ ಮುಂದಿನವರಿಗೆ ಉಳಿಯುತ್ತದೆ. ನಮ್ಮ ಮನೆಗಳಲ್ಲಿ ಇಂಥ ಜಾಣತನವಿದ್ದವರು ಹೆಚ್ಚಾಗಿ ಹೆಂಗಸರು, ಅಡುಗೆಯವರು, ಆಳುಗಳು. ಅವರ ಕೆಲಸಕ್ಕೆ ವಿದ್ಯೆಯೆಂಬ ಹೆಸರು ಸಿಗದೆ ಹೋದದ್ದಕ್ಕೆ ಇದೂ ಒಂದು ಕಾರಣವೆಂದು ನನಗೆ ಅನ್ನಿಸುತ್ತದೆ.

2008ರಲ್ಲಿ ಚಿಕಾಗೋದಲ್ಲಿ ‘ಅಕ್ಕ’ ವಿಶ್ವ ಕನ್ನಡ ಸಮ್ಮೇಳನ ನಡೆದಾಗ ನನ್ನ ಈ ವಿದ್ಯಾರ್ಥಿನಿ ಊಟದ ಸಾಲುಗಳ ಬಳಿ ಸ್ವಯಂಸೇವಕಿಯಾಗಿ ನಿಂತಿದ್ದಳಂತೆ. ಅಂದು ಕಣ್ಣಳತೆಯಲ್ಲಿ ಮಾಡಿದ್ದನ್ನು ಇಂದು ಕಾಗದದ ಮೇಲೆ ಲೆಕ್ಕ ಹಾಕಿ ಮಾಡಲು ಕಲಿಯುತ್ತಿದ್ದಾಳೆ. ಕಚೇರಿಯಿಂದ ನೇರವಾಗಿ ತರಗತಿಗೆ ಹೋಗಿ, ರಾತ್ರಿ ಮನೆಗೆ ಬಂದು, ಹಿಮದ ದಿನಗಳಲ್ಲಿಯೂ ತಪ್ಪಿಸದೆ ಓದುತ್ತಿರುವ ಅವಳಿಗೆ ಇನ್ನು ಎರಡು ಪಾಠಗಳು ಉಳಿದಿವೆ.

ಅವಳ ಬಂಧುಗಳಲ್ಲಿ ಕೆಲವರು ನನ್ನ ಬರಹಗಳನ್ನು ಓದುವವರೇ. ಅವರಲ್ಲಿ ನನ್ನದೊಂದು ವಿನಂತಿ. ಮುಂದಿನ ಸಲ ಅವಳು ಊರಿಗೆ ಬಂದಾಗ ಮನೆಯಲ್ಲಿ ಶುಭಕಾರ್ಯವಿದ್ದರೆ, ಅತಿಥಿಗಳ ಪಟ್ಟಿಯನ್ನೂ ಛತ್ರದ ಕರಾರು ಪತ್ರವನ್ನೂ ಮೊದಲು ಅವಳ ಕೈಗೆ ಕೊಡಿ. ಛತ್ರಕ್ಕೆ ಎಷ್ಟು ಬಾಗಿಲುಗಳಿವೆ, ಅವು ಒಳಕ್ಕೆ ತೆರೆಯುತ್ತವೆಯೋ ಹೊರಕ್ಕೋ ಎಂದು ಅವಳು ಕೇಳಿದರೆ ನಗಬೇಡಿ. ಎದ್ದು ಹೋಗಿ ನೋಡಿ ಬಂದು ಹೇಳಿ.