ಕೈಕಸುಬಿಗೆ ಶಾಲೆಯಲ್ಲಿ ಜಾಗ



ಬೆಂಗಳೂರಿನ ಉತ್ತರಹಳ್ಳಿಯಿಂದ ಕನಕಪುರ ರಸ್ತೆಗೆ ಬಂದು ದಕ್ಷಿಣಕ್ಕೆ ಹೊರಟರೆ ತಲಘಟ್ಟಪುರ ಸಿಗುತ್ತದೆ. ಅಲ್ಲಿ ರಾಜ್ಯದ ರೇಷ್ಮೆ ಸಂಶೋಧನಾ ಸಂಸ್ಥೆ ಇದೆ. 2021ರಲ್ಲಿ ಅಲ್ಲಿಯವರೆಗೆ ಬಂದ ಮೆಟ್ರೋ ರೈಲಿನ ಕೊನೆಯ ನಿಲ್ದಾಣಕ್ಕೂ ಅದರ ಹೆಸರೇ. ಹಿಪ್ಪುನೇರಳೆ ಬೆಳೆದು ಹುಳು ಸಾಕುವುದನ್ನು ಕನಕಪುರ, ರಾಮನಗರದ ಸೀಮೆಯ ಮಕ್ಕಳು ಮನೆಯಲ್ಲೇ ಕಲಿಯುತ್ತಿದ್ದರು. ಇಂಥ ಕಸುಬುಗಳಿಗೆ ಶಾಲೆಯೊಳಗೆ ಜಾಗ ಸಿಕ್ಕಿದ್ದು ಯಾವಾಗ? ಆ ಜಾಗ ಗಟ್ಟಿಯಾಗಿ ನಿಲ್ಲಲಿಲ್ಲವೇಕೆ?

ಯೋಚನೆ ಹೊಸದಲ್ಲ. 1882ರಲ್ಲಿ ನೇಮಕವಾದ ಹಂಟರ್ ಆಯೋಗವೇ ಪ್ರೌಢಶಾಲೆಯಲ್ಲಿ ಎರಡು ಕವಲುಗಳಿರಲಿ ಎಂದಿತ್ತು: ಒಂದು ವಿಶ್ವವಿದ್ಯಾನಿಲಯದ ಕಡೆಗೆ, ಇನ್ನೊಂದು ವ್ಯಾಪಾರ ಮತ್ತು ಕೆಲಸದ ಕಡೆಗೆ. ನಮ್ಮಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ 1943ರಲ್ಲಿ ಬೆಂಗಳೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ಔದ್ಯೋಗಿಕ ಸಂಸ್ಥೆ ತಲೆಯೆತ್ತಿತು. ಅದೇ ಇಂದಿನ ಎಸ್.ಜೆ. ಪಾಲಿಟೆಕ್ನಿಕ್. ಸ್ವಾತಂತ್ರ್ಯಾನಂತರ ಕೊಠಾರಿ ಆಯೋಗ (1964–66) ಪ್ರೌಢ ಶಿಕ್ಷಣದ ಹಂತದಲ್ಲಿ ವೃತ್ತಿ ಶಿಕ್ಷಣ ವಿಸ್ತಾರವಾಗಬೇಕೆಂದು ಒತ್ತಿ ಹೇಳಿತು.

ಕರ್ನಾಟಕ ಈ ಹೆಜ್ಜೆ ಇಟ್ಟದ್ದು 1977–78ರಲ್ಲಿ. ಹತ್ತನೆಯ ತರಗತಿಯ ನಂತರ ಎರಡು ವರ್ಷಗಳ ವೃತ್ತಿ ಕೋರ್ಸುಗಳು ಆರಂಭವಾದವು. ಜನರ ಬಾಯಲ್ಲಿ ಅವು 'ಜೆ.ಒ.ಸಿ.' ಆದವು. ರೇಷ್ಮೆ ಕೃಷಿ, ಲೆಕ್ಕಪತ್ರ, ಎಲೆಕ್ಟ್ರಾನಿಕ್ಸ್, ಗಣಕಯಂತ್ರ ಮುಂತಾದವು ಅದರಲ್ಲಿದ್ದವು. ಕಾಲೇಜಿಗೆ ವರ್ಷಗಟ್ಟಲೆ ಖರ್ಚು ಮಾಡಲಾಗದ ಮನೆಗಳ ಮಕ್ಕಳಿಗೆ ಇದು ಬೇಗ ಸಂಪಾದನೆಗೆ ತಲುಪುವ ದಾರಿಯಾಗಿತ್ತು. 1961ರ ಅಪ್ರೆಂಟಿಸ್ ಕಾಯಿದೆಗೆ 1986ರಲ್ಲಿ ತಿದ್ದುಪಡಿಯಾಗಿ, ಇಂಥ ವಿದ್ಯಾರ್ಥಿಗಳಿಗೆ ಉದ್ಯಮಗಳಲ್ಲಿ ಒಂದು ವರ್ಷದ ತರಬೇತಿಯ ಅವಕಾಶವೂ ದೊರೆಯಿತು.

ಅದೇ 1986ರ ರಾಷ್ಟ್ರೀಯ ಶಿಕ್ಷಣ ನೀತಿ, 1990ರೊಳಗೆ ಈ ಹಂತದ ಶೇಕಡಾ 10ರಷ್ಟು, 1995ರೊಳಗೆ ಶೇಕಡಾ 25ರಷ್ಟು ವಿದ್ಯಾರ್ಥಿಗಳು ವೃತ್ತಿ ಶಿಕ್ಷಣಕ್ಕೆ ಬರಬೇಕೆಂಬ ಗುರಿ ಇಟ್ಟಿತು. ಗುರಿ ಕೈಗೂಡದಿದ್ದಾಗ 1992ರಲ್ಲಿ ಗಡುವು ಐದು ವರ್ಷ ಮುಂದಕ್ಕೆ ಹೋಯಿತು. ಆಗಲೂ ಮುಟ್ಟಲಿಲ್ಲ.

ಕಾರಣವೇನು? ಕಡಿಮೆ ಅಂಕ ಬಂದವರ ಪಾಲಿನದು ಇದು ಎಂಬ ಭಾವನೆ ಮನೆಯಲ್ಲೂ ಇತ್ತು, ಶಾಲೆಯಲ್ಲೂ ಇತ್ತು. ಇನ್ನೊಂದು ಸಂಗತಿ ನೋಡಿ. ಉದ್ಯೋಗದ ದಾರಿ ತೋರುವ ಈ ಕೋರ್ಸುಗಳ ಬೋಧಕರಲ್ಲಿ ಎಷ್ಟೋ ಮಂದಿಗೆ ಖಾಯಂ ಉದ್ಯೋಗವಿರಲಿಲ್ಲ. ವರ್ಷಾನುಗಟ್ಟಲೆ ಅರೆಕಾಲಿಕರಾಗಿ ದುಡಿದ ಅವರನ್ನು ಸರ್ಕಾರಿ ಸೇವೆಗೆ ಸೇರಿಸಿಕೊಳ್ಳಲು 2011ರಲ್ಲಿ ಪ್ರತ್ಯೇಕ ಶಾಸನವೇ ಬೇಕಾಯಿತು. ಅಷ್ಟು ಹೊತ್ತಿಗೆ ಕೋರ್ಸುಗಳೇ ಮುಚ್ಚುವ ಹಂತಕ್ಕೆ ಬಂದಿದ್ದವು.

ಈಗ ಮತ್ತೊಂದು ಪ್ರಯತ್ನ ನಡೆದಿದೆ. 2013ರಲ್ಲಿ ರೂಪುಗೊಂಡ ರಾಷ್ಟ್ರೀಯ ಕೌಶಲ ಚೌಕಟ್ಟಿನಡಿ, ರಾಜ್ಯದ ಆಯ್ದ ಶಾಲೆಗಳಲ್ಲಿ ಒಂಬತ್ತನೆಯ ತರಗತಿಯಿಂದಲೇ ಮಾಹಿತಿ ತಂತ್ರಜ್ಞಾನ, ವಾಹನ ದುರಸ್ತಿಯಂಥ ವಿಷಯಗಳನ್ನು ತೃತೀಯ ಭಾಷೆಯ ಬದಲಿಗೆ ಆರಿಸಿಕೊಳ್ಳಬಹುದು. ಇದರಲ್ಲೊಂದು ಒಳ್ಳೆಯ ಅಂಶವಿದೆ: ಕಸುಬು ಕಲಿಯುವವನು ಗಣಿತ, ವಿಜ್ಞಾನವನ್ನು ಬಿಡಬೇಕಿಲ್ಲ. ಹಂಟರ್ ಆಯೋಗ ಬೇರೆ ಬೇರೆ ಮಾಡಿದ ಎರಡು ಕವಲುಗಳು ಒಂದೇ ತರಗತಿಯೊಳಗೆ ಸೇರಿವೆ.

ಆದರೆ ಪಠ್ಯಕ್ರಮ ಬದಲಾದ ಮಾತ್ರಕ್ಕೆ ಮನಸ್ಸು ಬದಲಾಗದು. ನಿಮ್ಮ ಗೆಳೆಯನೊಬ್ಬ ಇಂಥ ವಿಷಯ ಆರಿಸಿಕೊಂಡರೆ 'ಪಾಪ' ಎನ್ನಬೇಡಿ. ಏನು ಕಲಿತೆ, ತೋರಿಸು ಎನ್ನಿ. ಹಿಂದಿನ ಕೋರ್ಸುಗಳಿಗೆ ಸಿಗದೆ ಹೋದದ್ದು ಆ ಮರ್ಯಾದೆಯೇ.