ಡೇ ಕೇರ್ ಶಸ್ತ್ರಚಿಕಿತ್ಸಾ ಕೇಂದ್ರಗಳ ನೋಂದಣಿ ಹಾಗೂ ಅಗತ್ಯ ಅನುಮತಿಗಳು

ಕಣ್ಣಿನ ಪೊರೆ, ಹರ್ನಿಯಾ ಮುಂತಾದ ಶಸ್ತ್ರಚಿಕಿತ್ಸೆಗಳನ್ನು ನಡೆಸಿ, ರೋಗಿಯನ್ನು ಅದೇ ದಿನ ಮನೆಗೆ ಕಳುಹಿಸುವ ಕೇಂದ್ರಗಳನ್ನು ಡೇ ಕೇರ್ ಕೇಂದ್ರಗಳೆಂದು ಕರೆಯಲಾಗುತ್ತದೆ. ರಾತ್ರಿ ತಂಗುವ ರೋಗಿಗಳಿಲ್ಲದ ಕಾರಣ ನೋಂದಣಿ ಅಗತ್ಯವಿಲ್ಲವೆಂಬ ಅಭಿಪ್ರಾಯ ಅರ್ಜಿದಾರರಲ್ಲಿ ಕಂಡುಬರುತ್ತದೆ. ಇದು ಸರಿಯಲ್ಲ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007ರ ವ್ಯಾಖ್ಯೆಯು ಹಾಸಿಗೆ ಇರುವ ಮತ್ತು ಇಲ್ಲದಿರುವ ಎರಡೂ ಬಗೆಯ ಸಂಸ್ಥೆಗಳನ್ನು ಒಳಗೊಂಡಿದೆ. ನೋಂದಣಿಯಿಲ್ಲದೆ ಇಂತಹ ಕೇಂದ್ರವನ್ನು ನಡೆಸುವುದು ದಂಡನೀಯ ಅಪರಾಧವಾಗಿರುತ್ತದೆ.

ಅರ್ಜಿಯನ್ನು ಆನ್‌ಲೈನ್ ಮೂಲಕ ಸಲ್ಲಿಸತಕ್ಕದ್ದು. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರವು ಇದನ್ನು ಪರಿಶೀಲಿಸುತ್ತದೆ. ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳು ಅದರ ಸದಸ್ಯ ಕಾರ್ಯದರ್ಶಿಗಳಾಗಿರುತ್ತಾರೆ. ನೋಂದಣಿಯ ಅವಧಿ 5 ವರ್ಷಗಳು.

ಅರ್ಜಿಯಲ್ಲಿ ಸಂಸ್ಥೆಯ ವರ್ಗವನ್ನು ಸರಿಯಾಗಿ ನಮೂದಿಸುವುದು ಬಹಳ ಮುಖ್ಯ. ಸಾಮಾನ್ಯ ಕ್ಲಿನಿಕ್ ಎಂದು ನಮೂದಿಸಿ ಒಳಗೆ ಶಸ್ತ್ರಚಿಕಿತ್ಸಾ ಕೊಠಡಿ ಹೊಂದಿದ್ದಲ್ಲಿ, ಅರ್ಜಿಗೂ ಸ್ಥಳದ ವಾಸ್ತವಕ್ಕೂ ತಾಳೆಯಾಗುವುದಿಲ್ಲ. ಕಟ್ಟಡದ ಬಾಡಿಗೆ ಹಾಗೂ ಯಂತ್ರೋಪಕರಣಗಳ ಸಾಲದ ಕಂತು ಆರಂಭವಾದ ಬಳಿಕ ಇಂತಹ ನ್ಯೂನತೆ ಹೊರಬಿದ್ದರೆ ಅದರ ನಷ್ಟ ಅರ್ಜಿದಾರರದ್ದೇ.

ನೋಂದಣಿಯೊಂದರಿಂದಲೇ ಎಲ್ಲವೂ ಪೂರ್ಣಗೊಳ್ಳುವುದಿಲ್ಲ. ಜೀವ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು, 2016ರ ಮೇರೆಗೆ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರ ಪತ್ರ ಪಡೆಯಬೇಕು. 75 ಕಿ.ಮೀ. ಒಳಗೆ ಸಾಮೂಹಿಕ ಸಂಸ್ಕರಣಾ ಘಟಕವಿದ್ದಲ್ಲಿ ಕೇಂದ್ರವು ಸ್ವಂತ ಘಟಕ ಸ್ಥಾಪಿಸುವಂತಿಲ್ಲ. ಆ ಘಟಕಕ್ಕೇ ತ್ಯಾಜ್ಯವನ್ನು ನೀಡಬೇಕು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಅಂಗಾಂಶ ಹಾಗೂ ರಕ್ತಸಿಕ್ತ ಹತ್ತಿ, ಬ್ಯಾಂಡೇಜುಗಳನ್ನು ಸಂಸ್ಕರಿಸದೆ 48 ಗಂಟೆ ಮೀರಿ ಇಡುವಂತಿಲ್ಲ. ವಾರಕ್ಕೆ ಎರಡೇ ದಿನ ಶಸ್ತ್ರಚಿಕಿತ್ಸೆ ನಡೆಸುವ ಸಣ್ಣ ಕೇಂದ್ರಗಳು ಸಾಗಣೆ ವಾಹನದ ದಿನಗಳನ್ನು ಇದಕ್ಕೆ ಹೊಂದಿಸಿಕೊಳ್ಳಬೇಕು.

ಸಿ-ಆರ್ಮ್ ಅಥವಾ ಇತರ ಎಕ್ಸ್-ರೇ ಯಂತ್ರವಿದ್ದಲ್ಲಿ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಬೇಕು. ಅಲ್ಟ್ರಾಸೌಂಡ್ ಯಂತ್ರಕ್ಕೆ 1994ರ ಪ್ರಸವಪೂರ್ವ ಲಿಂಗಪತ್ತೆ ನಿಷೇಧ ಕಾಯ್ದೆಯಡಿ ಪ್ರತ್ಯೇಕ ನೋಂದಣಿ ಅಗತ್ಯ. ಅರಿವಳಿಕೆ ನೀಡುವಾಗ ನರವನ್ನು ಗುರುತಿಸಲು ಮಾತ್ರ ಬಳಸುವ ಯಂತ್ರವೆಂಬ ಸಮಜಾಯಿಷಿಯಿಂದ, ಭ್ರೂಣದ ಲಿಂಗ ಪತ್ತೆ ಮಾಡಬಲ್ಲ ಯಂತ್ರಕ್ಕೆ ವಿನಾಯಿತಿ ದೊರೆಯುವುದಿಲ್ಲ. ಗರ್ಭಪಾತ ಸೇವೆ ಒದಗಿಸುವುದಾದರೆ 1971ರ ಕಾಯ್ದೆಯಡಿ ಸ್ಥಳದ ಅನುಮೋದನೆಯನ್ನೂ ಪಡೆಯಬೇಕು.

ರೋಗಿಯು ಸಂಜೆಯೇ ಮನೆ ಸೇರುವುದರಿಂದ, ರಕ್ತಸ್ರಾವ ಅಥವಾ ಉಸಿರಾಟದ ತೊಂದರೆ ರಾತ್ರಿ ಮನೆಯಲ್ಲಿ ಕಾಣಿಸಿಕೊಳ್ಳಬಹುದು. ಆಗ ಕೇಂದ್ರದ ಬಾಗಿಲು ಮುಚ್ಚಿರುತ್ತದೆ. ಆದ್ದರಿಂದ ರಾತ್ರಿ ಕರೆಗೆ ಉತ್ತರಿಸುವ ವೈದ್ಯರು ಯಾರು, ರೋಗಿಯನ್ನು ಯಾವ ಆಸ್ಪತ್ರೆಗೆ, ಯಾವ ವಾಹನದಲ್ಲಿ ಸಾಗಿಸಬೇಕು ಎಂಬುದನ್ನು ಕೇಂದ್ರವು ಮೊದಲೇ ನಿಗದಿಪಡಿಸಿ, ಬಿಡುಗಡೆ ಪತ್ರದಲ್ಲಿ ಕನ್ನಡದಲ್ಲಿ ಬರೆದು ಕೊಡುವುದು ಸೂಕ್ತ. ರೋಗಿಯ ಕಡೆಯವರೂ ಇದನ್ನು ಕೇಳಿ ಪಡೆಯಬಹುದು.

ಚಿಕಿತ್ಸಾ ದರಪಟ್ಟಿಯನ್ನು ಸಾರ್ವಜನಿಕರಿಗೆ ಕಾಣುವಂತೆ ಪ್ರದರ್ಶಿಸತಕ್ಕದ್ದು. ಕೇಂದ್ರದ ವಿರುದ್ಧ ದೂರುಗಳಿದ್ದಲ್ಲಿ ಸಾರ್ವಜನಿಕರು ಮೇಲ್ಕಂಡ ಜಿಲ್ಲಾ ಪ್ರಾಧಿಕಾರಕ್ಕೆ ಲಿಖಿತವಾಗಿ, ಬಿಲ್ಲು ಹಾಗೂ ಬಿಡುಗಡೆ ಪತ್ರದ ಪ್ರತಿಗಳೊಂದಿಗೆ ಸಲ್ಲಿಸಬಹುದು.